ಹುಳುಬಿಲವಿದೆ, ನಿಧಾನವಾಗಿ ಚಲಿಸಿ

ಉಬ್ಬರ-ಇಳಿತದ ಪಾಠ ಬಂದಾಗ ನಾನು ಪುಸ್ತಕ ಮುಚ್ಚಿಡುತ್ತೇನೆ. ಬಸ್ರೂರಿನ ಮಕ್ಕಳಿಗೆ ಅದನ್ನು ಪುಸ್ತಕ ನೋಡಿ ಹೇಳಬೇಕಾಗಿಲ್ಲ. ನಮ್ಮ ವಾರಾಹಿ ಹೊಳೆಯೇ ದಿನಕ್ಕೆರಡು ಸಲ ಏರಿ ಎರಡು ಸಲ ಇಳಿದು ಪಾಠ ಮಾಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಭರತ ಜೋರು ಎಂಬುದು ದೋಣಿ ಇರುವ ಮನೆಯ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಉಪ್ಪುನೀರು ಎಷ್ಟು ದೂರ ಒಳಗೆ ಬರುತ್ತದೆ ಎಂಬುದು ಗದ್ದೆ ಇರುವ ಮನೆಯವರಿಗೆ ಗೊತ್ತು.

ಈ ವರ್ಷ ಆ ಪಾಠ ಮುಗಿಯುವ ಹೊತ್ತಿಗೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ವರ್ಮ್‌ಹೋಲ್ ಒಳ್ಗೆ ಹೋರೆ ಮನ್ಷ್ಯಂಗೆ ಎಂತ ಆತ್ತ್?’ ತರಗತಿಯಿಡೀ ನಕ್ಕಿತು. ಭರತ-ಇಳಿತದ ಪಾಠಕ್ಕೂ ಈ ಪ್ರಶ್ನೆಗೂ ಎಲ್ಲಿಯ ಸಂಬಂಧ ಎಂದು ಅವರಿಗೆ ನಗು. ನಾನು ನಗಲಿಲ್ಲ. ಸಂಬಂಧ ಇರುವುದೇ ಅಲ್ಲಿ. ಅದು ಆ ಹುಡುಗಿಗೆ ತಿಳಿದಿತ್ತೋ ಇಲ್ಲವೋ ಬೇರೆ ಮಾತು. ಅದಕ್ಕಿಂತ ಹೆಚ್ಚಾಗಿ, ಇದೇ ಪ್ರಶ್ನೆಗೆ ಹಿಂದೊಮ್ಮೆ ನಾನು ತಪ್ಪು ಉತ್ತರ ಕೊಟ್ಟವನು.

2014ರ ಕೊನೆಯಲ್ಲಿ ‘ಇಂಟರ್‌ಸ್ಟೆಲ್ಲರ್’ ಎಂಬ ಇಂಗ್ಲಿಷ್ ಸಿನಿಮಾ ಬಂದಿತ್ತು. ಹತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ಹೇಗೋ ನೋಡಿದ್ದ. ಶಾಲೆಯ ಕೈಬರಹದ ಪತ್ರಿಕೆಗೆ ಕಥೆ ಬರೆಯುತ್ತಿದ್ದ. ಕಥೆಯ ನಾಯಕ ನಮ್ಮ ಹೊಳೆಯ ಸುಳಿಯೊಂದರೊಳಗೆ ಇಳಿದು ಬೇರೊಂದು ನಕ್ಷತ್ರದ ಬಳಿ ಏಳುತ್ತಾನೆ. ಎಂಟು ಪುಟ ಆಗಿತ್ತು. ದಾಟುವಾಗ ಮೈಗೆ ಏನಾಗುತ್ತದೆ ಎಂದು ಬರೆಯಲು ಅವನಿಗೆ ನನ್ನ ಸಹಾಯ ಬೇಕಿತ್ತು. ನಾನು ಕೈಯಲ್ಲಿದ್ದ ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ, ‘ಏನಾಗುತ್ತದೆ? ದಾರದ ಹಾಗೆ ಎಳೆದು ಚಿಂದಿಚಿಂದಿ ಆಗುತ್ತಾನೆ’ ಎಂದೆ. ಅವನು ಸ್ವಲ್ಪ ಹೊತ್ತು ನಿಂತು, ‘ಹಂಗಾರೆ ಕಥಿ ಅಲ್ಲೇ ಮುಗೀತ್ ಅಲ್ದಾ ಸರ್?’ ಎಂದು ಕೇಳಿ ಹೋದ. ಆ ವರ್ಷದ ಪತ್ರಿಕೆಯಲ್ಲಿ ಅವನ ಕಥೆ ಇರಲಿಲ್ಲ.

ನಾನು ಹೇಳಿದ್ದು ಕಪ್ಪುಕುಳಿಯ ವಿಚಾರ, ಅದರಲ್ಲೂ ಸಣ್ಣ ಕಪ್ಪುಕುಳಿಯ ವಿಚಾರ. ಅವನು ಕೇಳಿದ್ದು ಬೇರೆ. ಅದು ನನ್ನ ಗಮನಕ್ಕೆ ಬಂದಾಗ ಅವನು ಶಾಲೆ ಬಿಟ್ಟು ಎರಡು ವರ್ಷ ಆಗಿತ್ತು.

ಮೊದಲಿಗೆ ವರ್ಮ್‌ಹೋಲ್ ಎಂದರೇನು ಎಂದು ಹೇಳಿಬಿಡುತ್ತೇನೆ. ಮರದಲ್ಲಿರುವ ಒಂದು ಪೇರಳೆ ಹಣ್ಣನ್ನು ನೆನೆಸಿಕೊಳ್ಳಿ. ಅದರ ಮೇಲೆ ಹರಿಯುವ ಇರುವೆ ತೊಟ್ಟಿನಿಂದ ಆಚೆ ತುದಿಗೆ ಹೋಗಲು ಹಣ್ಣನ್ನು ಸುತ್ತಬೇಕು. ಒಳಗಿರುವ ಹುಳು ಹಾಗಲ್ಲ, ಕೊರೆದುಕೊಂಡು ನೇರ ಹೋಗಿಬಿಡುತ್ತದೆ. ನಾವೆಲ್ಲ ಸಿಪ್ಪೆಯ ಮೇಲಿನ ಇರುವೆಗಳು. ನಮಗೆ ಹತ್ತಿರದ ನಕ್ಷತ್ರಕ್ಕೆ ಹೋಗಲು ಬೆಳಕಿಗೇ ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಆದರೆ ದೇಶಕಾಲವೆಂಬ ಹಣ್ಣಿನಲ್ಲಿ ಹುಳು ಕೊರೆದಂತಹ ಒಳದಾರಿಯೊಂದು ಇದ್ದರೆ? ಹಾಗೆ ಇರಬಹುದು ಎಂದು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಸಮೀಕರಣಗಳು ಹೇಳುತ್ತವೆ. 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ಇಂಥದೊಂದು ಸೇತುವೆಯ ಲೆಕ್ಕ ಬರೆದರು. 1957ರಲ್ಲಿ ಚಾರ್ಲ್ಸ್ ಮಿಸ್ನರ್ ಮತ್ತು ಜಾನ್ ವೀಲರ್ ತಮ್ಮ ಲೇಖನದಲ್ಲಿ ಅದನ್ನು ವರ್ಮ್‌ಹೋಲ್ ಎಂದು ಕರೆದರು. ಕನ್ನಡದಲ್ಲಿ ನಾವು ಹುಳುಬಿಲ ಎನ್ನೋಣ. ಸಮೀಕರಣದಲ್ಲಿ ಇರುವುದೆಲ್ಲ ಆಕಾಶದಲ್ಲಿ ಇರಬೇಕೆಂದಿಲ್ಲ. ಇದುವರೆಗೆ ಒಂದೇ ಒಂದು ಹುಳುಬಿಲವೂ ಕಂಡಿಲ್ಲ. 2022ರಲ್ಲಿ ‘ವಿಜ್ಞಾನಿಗಳು ವರ್ಮ್‌ಹೋಲ್ ಸೃಷ್ಟಿಸಿದರು’ ಎಂದು ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದು ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾಡಿದ ಒಂದು ಲೆಕ್ಕದ ಆಟವೇ ಹೊರತು ಆಕಾಶದಲ್ಲಿ ಕೊರೆದ ತೂತಲ್ಲ.

ಹಾಗಿದ್ದ ಮೇಲೆ ಮೈಗೆ ಏನಾಗುತ್ತದೆ ಎಂದು ಹೇಳುವುದು ಹೇಗೆ? ಹೇಳಬಹುದು. ಕಟ್ಟದ ಸೇತುವೆ ಎಷ್ಟು ಭಾರ ತಾಳುತ್ತದೆ ಎಂದು ಎಂಜಿನಿಯರು ಕಾಗದದ ಮೇಲೆಯೇ ಹೇಳುವುದಿಲ್ಲವೆ?

ಈ ಲೆಕ್ಕ ಹುಟ್ಟಿದ್ದೂ ಒಂದು ಕಥೆಯಿಂದಲೇ. ಅದನ್ನು ಓದಿದ ದಿನ ನನಗೆ ನನ್ನ ಬಗ್ಗೆ ತುಸು ನಾಚಿಕೆಯಾಯಿತು. 1985ರಲ್ಲಿ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ‘ಕಾಂಟ್ಯಾಕ್ಟ್’ ಎಂಬ ಕಾದಂಬರಿ ಬರೆಯುತ್ತಿದ್ದರು. ಅದರ ನಾಯಕಿ ಅಭಿಜಿತ್ ನಕ್ಷತ್ರದ ಕಡೆಗೆ ಹೋಗಬೇಕು. ಕಪ್ಪುಕುಳಿಯ ಮೂಲಕ ಕಳಿಸೋಣವೆಂದು ಬರೆದಿದ್ದರು. ಸರಿಯೇ ಎಂದು ನೋಡಲು ಹಸ್ತಪ್ರತಿಯನ್ನು ಸ್ನೇಹಿತ ಕಿಪ್ ಥಾರ್ನ್ ಅವರಿಗೆ ಕಳಿಸಿದರು. ಥಾರ್ನ್ ಕೂಡ ‘ಆಗದು, ಸಾಯುತ್ತಾಳೆ’ ಎಂದೇ ಹೇಳಬಹುದಿತ್ತು. ಕಪ್ಪುಕುಳಿಯ ಮಟ್ಟಿಗೆ ಅದು ಸತ್ಯವೂ ಹೌದು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ಅವಳು ಬದುಕಿ ಆಚೆ ತಲುಪಬೇಕಾದರೆ ದಾರಿ ಹೇಗಿರಬೇಕು ಎಂದು ಲೆಕ್ಕಕ್ಕೆ ಕುಳಿತರು. ಮನುಷ್ಯನ ದೇಹ ಏನನ್ನು ತಾಳುತ್ತದೋ ಅದನ್ನೇ ಮೊದಲು ಬರೆದುಕೊಂಡು, ಅಂಥ ಬಿಲಕ್ಕೆ ಎಂಥ ಗೋಡೆ ಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿದರು. ಶಿಷ್ಯ ಮೈಕೆಲ್ ಮಾರಿಸ್ ಜೊತೆ ಸೇರಿ 1988ರಲ್ಲಿ ಅದನ್ನು ಪ್ರಕಟಿಸಿದರು. ಎಲ್ಲಿ? ‘ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್’ನಲ್ಲಿ. ಅದು ಭೌತವಿಜ್ಞಾನ ಕಲಿಸುವವರ ಪತ್ರಿಕೆ. ಅಂದರೆ ನಮ್ಮಂಥ ಮಾಷ್ಟ್ರುಗಳಿಗೆಂದೇ ಬರೆದದ್ದು! ಸಾಪೇಕ್ಷತೆ ಕಲಿಸಲು ಇದೊಂದು ಸಾಧನ ಎಂದು ಶೀರ್ಷಿಕೆಯಲ್ಲೇ ಹೇಳಿಕೊಂಡಿದ್ದಾರೆ.

ಈಗ ಹೊಳೆಗೆ ಬನ್ನಿ. ಚಂದ್ರ ನೀರನ್ನು ಎಳೆಯುವುದರಿಂದ ಭರತ ಎಂದು ಎಲ್ಲರೂ ಬರೆಯುತ್ತಾರೆ, ಎರಡು ಅಂಕವೂ ಸಿಗುತ್ತದೆ. ಹಾಗಾದರೆ ಅಂಗಳದಲ್ಲಿಟ್ಟ ಕೊಡಪಾನದ ನೀರು ಯಾಕೆ ಏರುವುದಿಲ್ಲ? ಚಂದ್ರನಿಗೆ ಹೊಳೆಯ ಮೇಲೆ ಪ್ರೀತಿ, ಕೊಡಪಾನದ ಮೇಲೆ ಮುನಿಸೇ? ಸಂಗತಿ ಏನೆಂದರೆ, ಭರತ ತರುವುದು ಚಂದ್ರನ ಸೆಳೆತವಲ್ಲ, ಸೆಳೆತದಲ್ಲಿರುವ ವ್ಯತ್ಯಾಸ. ಚಂದ್ರನ ಕಡೆಗಿರುವ ಭೂಮಿಯ ಮುಖ ಚಂದ್ರನಿಂದ ಸುಮಾರು 3 ಲಕ್ಷ 78 ಸಾವಿರ ಕಿ.ಮೀ. ದೂರದಲ್ಲಿದ್ದರೆ ಬೆನ್ನು 3 ಲಕ್ಷ 91 ಸಾವಿರ ಕಿ.ಮೀ. ದೂರದಲ್ಲಿದೆ. ಹತ್ತಿರದ ಮುಖದ ಮೇಲಿನ ಸೆಳೆತ ಬೆನ್ನಿನ ಮೇಲಿನದಕ್ಕಿಂತ ಶೇಕಡ 7ರಷ್ಟು ಹೆಚ್ಚು. ಒಂದೇ ವಸ್ತುವಿನ ಎರಡು ತುದಿಗಳನ್ನು ಬೇರೆ ಬೇರೆ ಬಲದಿಂದ ಎಳೆದರೆ ಅದು ಉದ್ದವಾಗಲೇಬೇಕು. ಭೂಮಿಯ ಕಡಲು ಎರಡೂ ಕಡೆ ಉಬ್ಬುವುದು ಹೀಗೆ. ಅದಕ್ಕೇ ದಿನಕ್ಕೆ ಎರಡು ಭರತ. ಕೊಡಪಾನದ ಎರಡು ಅಂಚುಗಳ ನಡುವೆ ಒಂದು ಗೇಣು ಅಂತರ. ಅಷ್ಟರಲ್ಲಿ ವ್ಯತ್ಯಾಸ ಎಷ್ಟಾದೀತು? ಇದಕ್ಕೆ ಉಬ್ಬರ ಬಲ ಎಂದು ಹೆಸರು. ಬಸ್ರೂರು ಬಂದರಾಗಿದ್ದ ಕಾಲದಲ್ಲಿ ಹಡಗುಗಳನ್ನು ಒಳಗೆ ತಂದದ್ದೂ ಇದೇ ಬಲ. ಕಪ್ಪುಕುಳಿಯಲ್ಲಿ ಮನುಷ್ಯನನ್ನು ಹರಿಯುವುದೂ ಇದೇ ಬಲ. ಆ ಹುಡುಗಿ ಸರಿಯಾದ ಪಾಠದಲ್ಲೇ ಎದ್ದು ನಿಂತಿದ್ದಳು.

ಸೂರ್ಯನ ಹತ್ತು ಪಟ್ಟು ತೂಕದ ಕಪ್ಪುಕುಳಿಯ ಅಂಚಿನ ತ್ರಿಜ್ಯ ಸುಮಾರು 30 ಕಿ.ಮೀ. ಮಾತ್ರ, ಕುಂದಾಪುರದಿಂದ ಬೈಂದೂರಿಗೆ ಹೋದಷ್ಟು. ಅಲ್ಲಿ ಕಾಲು ಕೆಳಗಾಗಿ ಬೀಳುವವನ ತಲೆಗೂ ಪಾದಕ್ಕೂ ಇರುವ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವದ ಸುಮಾರು 2 ಕೋಟಿ ಪಟ್ಟು! ಚಿಂದಿ ಎಂಬ ನನ್ನ ಮಾತು ಇಲ್ಲಿ ಕಡಿಮೆಯೇ ಆಯಿತು. ಆದರೆ ನಮ್ಮ ಆಕಾಶಗಂಗೆಯ ನಡುವೆ 40 ಲಕ್ಷಕ್ಕೂ ಹೆಚ್ಚು ಸೂರ್ಯರ ತೂಕದ ಕಪ್ಪುಕುಳಿ ಇದೆ. ಅದರ ಅಂಚಿನಲ್ಲಿ ವ್ಯತ್ಯಾಸ ಭೂಮಿಯ ಗುರುತ್ವದ ಹತ್ತು ಸಾವಿರದಲ್ಲಿ ಒಂದು ಪಾಲು. ದಾಟಿದ್ದೂ ತಿಳಿಯುವುದಿಲ್ಲ. ದೊಡ್ಡದು ಮೆದು, ಸಣ್ಣದು ಕಠಿಣ. ಹೊರಗೆ ಬರುವ ದಾರಿ ಮಾತ್ರ ಎರಡರಲ್ಲೂ ಇಲ್ಲ. ಕೊನೆಗೆ ನಡುವಿನತ್ತ ಬಿದ್ದು ಹರಿಯುವುದು ಎರಡರಲ್ಲೂ ತಪ್ಪಿದ್ದಲ್ಲ.

ಹುಳುಬಿಲದಲ್ಲಿ ಹೊರಗೆ ಬರುವ ದಾರಿ ಇರಬೇಕು. ಥಾರ್ನ್ ಮತ್ತು ಮಾರಿಸ್ ಹಾಕಿಕೊಂಡ ಕರಾರುಗಳಲ್ಲಿ ಅದೇ ಮುಖ್ಯ. ಇನ್ನೊಂದು ಕರಾರು ನೇರವಾಗಿ ಮೈಗೆ ಸಂಬಂಧಿಸಿದ್ದು: ಎರಡು ಮೀಟರ್ ಎತ್ತರದ ಮನುಷ್ಯನ ತಲೆಗೂ ಪಾದಕ್ಕೂ ನಡುವಿನ ಸೆಳೆತದ ವ್ಯತ್ಯಾಸ ಭೂಮಿಯ ಗುರುತ್ವವನ್ನು ಮೀರಬಾರದು. ಇದರಿಂದ ಅವರಿಗೆ ಸಿಕ್ಕಿದ ಉತ್ತರ ಸ್ವಾರಸ್ಯವಾಗಿದೆ. ಅವರ ಸರಳ ಮಾದರಿಯಲ್ಲಿ, ಬಿಲದ ಗಂಟಲಿನಲ್ಲಿ ಸುಮ್ಮನೆ ನಿಂತವನಿಗೆ ಉಬ್ಬರ ಬಲವೇ ಇಲ್ಲ. ಬಲ ಹುಟ್ಟುವುದು ಚಲಿಸಿದಾಗ, ಅದೂ ವೇಗದ ವರ್ಗಕ್ಕೆ ಅನುಗುಣವಾಗಿ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು, ಹತ್ತು ಪಟ್ಟಾದರೆ ನೂರು ಪಟ್ಟು. ಗಂಟಲಿನ ತ್ರಿಜ್ಯ 10 ಮೀಟರ್ ಆಗಿದ್ದರೆ ಸೆಕೆಂಡಿಗೆ 30 ಮೀಟರ್ ವೇಗದ ತನಕ ಭಯವಿಲ್ಲ. ಗಂಟೆಗೆ ಎಷ್ಟಾಯಿತು? 108 ಕಿಲೋಮೀಟರ್. ಹೆದ್ದಾರಿಯಲ್ಲಿ ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳು ಹಗಲು ಹೊತ್ತಿನಲ್ಲೇ ಮುಟ್ಟುವ ವೇಗ.

ಸೊಂಟದ ಮೇಲೆ ಎಷ್ಟು ಎಳೆತ ಬೀಳುತ್ತದೆ ಎಂದು ನಾನೇ ಲೆಕ್ಕ ಹಾಕಿ ನೋಡಿದೆ. ಪಿ.ಯು.ಸಿ. ಓದುವವರು ನೀವೂ ಹಾಕಬಹುದು: ಮನುಷ್ಯನನ್ನು ಒಂದೇ ಸಮನಾದ ಕೋಲು ಎಂದು ಭಾವಿಸಿ, ಮಧ್ಯದಿಂದ ದೂರ ಹೋದಂತೆ ಎಳೆತ ಹೆಚ್ಚುತ್ತದೆ ಎಂದಿಟ್ಟುಕೊಂಡು ಅನುಕಲಿಸಿ. ತುದಿಯಿಂದ ತುದಿಗೆ ವ್ಯತ್ಯಾಸ ಭೂಮಿಯ ಗುರುತ್ವದಷ್ಟೇ ಇದ್ದಾಗ, ನಡುವಿನ ಎಳೆತ ದೇಹದ ತೂಕದ ಎಂಟನೇ ಒಂದು ಪಾಲು. 60 ಕಿಲೋ ಮನುಷ್ಯನ ಸೊಂಟಕ್ಕೆ ಏಳೂವರೆ ಕಿಲೋ ಕಟ್ಟಿ ತೂಗುಹಾಕಿದ ಹಾಗೆ. ನಮ್ಮ ಕೆಲವು ಮಕ್ಕಳ ಶಾಲೆಯ ಚೀಲವೇ ಅಷ್ಟು ತೂಗುತ್ತದೆ! ಅದೇ ಗಂಟಲಿನಲ್ಲಿ ಗಂಟೆಗೆ 18 ಕಿ.ಮೀ.ನಂತೆ ಸೈಕಲ್ ತುಳಿದುಕೊಂಡು ಹೋದರೆ ಸೊಂಟದ ಎಳೆತ ಬರೀ 200 ಗ್ರಾಂ ಆಸುಪಾಸು. ವಿಮಾನದ ವೇಗದಲ್ಲಿ, ಗಂಟೆಗೆ 1,080 ಕಿ.ಮೀ.ನಂತೆ ನುಗ್ಗಿದರೆ? ಎಳೆತ ನೂರು ಪಟ್ಟು, ಅಂದರೆ 750 ಕಿಲೋ. ಕ್ಷಣದ ಒಂದು ತುಣುಕಿನಷ್ಟೇ ಹೊತ್ತು, ಆದರೆ ಅಷ್ಟು ಸಾಕು. ಒಂದೇ ಬಿಲ, ಒಂದೇ ಮನುಷ್ಯ. ಸೈಕಲ್ ಸವಾರ ಸಿಳ್ಳೆ ಹಾಕುತ್ತ ಆಚೆ ಬರುತ್ತಾನೆ, ವಿಮಾನದವನು ಬರುವುದಿಲ್ಲ.

ಇಲ್ಲೊಂದು ಉಪಾಯವೂ ಉಂಟು. ಈ ಮಾದರಿಯಲ್ಲಿ ಎಳೆತ ಇರುವುದು ಪ್ರಯಾಣದ ದಿಕ್ಕಿಗೆ ಅಡ್ಡಲಾಗಿ, ಉದ್ದಕ್ಕೆ ಇಲ್ಲ. ಹಾಗಾಗಿ ನೆಟ್ಟಗೆ ನಿಂತು ಹೋಗುವುದಕ್ಕಿಂತ, ಬೆಂಗಳೂರಿನ ಸ್ಲೀಪರ್ ಬಸ್ಸಿನಲ್ಲಿ ಹೋದಂತೆ ದಾರಿಯ ಉದ್ದಕ್ಕೆ ಮಲಗಿ ಹೋಗುವುದು ಕ್ಷೇಮ. ಆಗ ಅಡ್ಡಕ್ಕೆ ಸಿಗುವುದು ನಮ್ಮ ಭುಜದ ಅಗಲ ಮಾತ್ರ.

ರಕ್ತದ ಗತಿ ಏನು? ಇದನ್ನು ಬಲ್ಲವರು ನಮ್ಮ ಬೆಂಗಳೂರಿನಲ್ಲೇ ಇದ್ದಾರೆ. ಅಲ್ಲಿಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ 1957ರಿಂದ ವಾಯುಪಡೆಯ ವೈಮಾನಿಕರ ದೇಹವನ್ನು ಪರೀಕ್ಷಿಸುತ್ತಿದೆ. ಗಗನಯಾನಕ್ಕೆ ಆಯ್ಕೆಯಾದವರ ಮೊದಲ ಪರೀಕ್ಷೆಗಳೂ 2019ರಲ್ಲಿ ಅಲ್ಲಿಯೇ ನಡೆದವು. ಉದ್ದ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂರಿಸಿ ಗಿರ್ರನೆ ತಿರುಗಿಸುವ ಯಂತ್ರ ಅಲ್ಲಿದೆ. ತಿರುಗುವ ವೇಗ ಹೆಚ್ಚಿದಂತೆ ದೇಹ ಭಾರವಾಗುತ್ತದೆ. ಹೃದಯಕ್ಕೂ ಕಣ್ಣಿಗೂ ನಡುವೆ ಸುಮಾರು 30 ಸೆಂಟಿಮೀಟರ್ ಎತ್ತರವಿದೆ. ಅಷ್ಟು ಎತ್ತರದ ರಕ್ತದ ಕಂಬವನ್ನು ಎತ್ತಿ ಹಿಡಿಯಲು ಸಾಮಾನ್ಯವಾಗಿ 23 ಮಿಲಿಮೀಟರ್ ಪಾದರಸದ ಒತ್ತಡ ಸಾಕು. ಗುರುತ್ವ ಐದು ಪಟ್ಟಾದರೆ ಅದಕ್ಕೇ 115 ಬೇಕು. ಹೃದಯ ಕೊಡುವುದೇ 120. ಹೀಗಾಗಿ ತರಬೇತಿ ಇಲ್ಲದವರಿಗೆ ನಾಲ್ಕೈದು ಪಟ್ಟಿಗೆಲ್ಲ ಕಣ್ಣು ಕತ್ತಲೆ ಬಂದು ಎಚ್ಚರ ತಪ್ಪುತ್ತದೆ. ಗಮನಿಸಿ, ಮೂಳೆ ಮುರಿಯುವುದಕ್ಕೆ ಎಷ್ಟೋ ಮುಂಚೆ ಸೋಲುವುದು ರಕ್ತ.

ಹುಳುಬಿಲದಲ್ಲಿ ರಕ್ತ ಒಂದೇ ಕಡೆಗೆ ಇಳಿಯುವುದಿಲ್ಲ. ಅರ್ಧ ತಲೆಯ ಕಡೆಗೆ, ಅರ್ಧ ಕಾಲಿನ ಕಡೆಗೆ. ಬಸ್ಸಿನ ವೇಗದಲ್ಲಿ ತಲೆಗೆ ನುಗ್ಗುವ ಒತ್ತಡ ಶೀರ್ಷಾಸನ ಹಾಕಿದಾಗ ಆಗುವುದರ ಅರ್ಧವೂ ಇಲ್ಲ. ಮುಖ ಸ್ವಲ್ಪ ಕೆಂಪಾದೀತು. ಹೊಟ್ಟೆಯೊಳಗಿನ ಅಂಗಾಂಗಗಳು ತುಸು ಅತ್ತಿತ್ತ ಜಗ್ಗಿದಂತಾಗಿ, ಇಳಿಜಾರಿನಲ್ಲಿ ಬಸ್ಸು ಹಾರಿದಾಗ ಆಗುವ ಹಾಗೆ ಒಂದು ಕ್ಷಣ ತಳಮಳವಾದೀತು. ಅಷ್ಟೆ. ಬಿಲದಿಂದ ದೇಹಕ್ಕೆ ಆಗುವುದಕ್ಕಿಂತ, ಬಿಲದ ಬಾಯಿಗೆ ತಲುಪುವ ತನಕದ ತಿಂಗಳುಗಟ್ಟಲೆ ತೂಕವಿಲ್ಲದ ಬದುಕಿನಿಂದ ಆಗುವುದೇ ಹೆಚ್ಚು. ಬಾಹ್ಯಾಕಾಶದಲ್ಲಿ ತೊಡೆಸಂದಿನ ಮೂಳೆ ತಿಂಗಳಿಗೆ ಶೇಕಡ ಒಂದರಷ್ಟು ಸವೆಯುತ್ತದೆ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಮೆಂತ್ಯ ಮತ್ತು ಹೆಸರುಕಾಳನ್ನು ಮೊಳಕೆ ಬರಿಸಲು ಕೊಟ್ಟುಕಳಿಸಿದ್ದು ಇಂಥ ದೂರದ ಪಯಣಗಳ ಊಟದ ಚಿಂತೆಯಿಂದಲೇ.

ಹಾಗಾದರೆ ನಾಯಕ ಬದುಕಿದ, ಕಥೆ ಮುಂದುವರಿಯಬಹುದು ಎನ್ನುವಷ್ಟರಲ್ಲಿ ಗೋಡೆಯ ವಿಚಾರ ಬರುತ್ತದೆ. ನಿಜ ಹೇಳಬೇಕೆಂದರೆ ಕಷ್ಟ ಇರುವುದೇ ಇಲ್ಲಿ. 1955ರಲ್ಲಿ ಕೊಲ್ಕತ್ತದ ಅಮಲ್ ಕುಮಾರ್ ರಾಯ್‌ಚೌಧುರಿ ಎಂಬವರು ಒಂದು ಸಮೀಕರಣ ಬರೆದರು. ಮುಂದೆ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಮಾಷ್ಟ್ರಾಗಿದ್ದವರು. ನಮಗೆ ಗೊತ್ತಿರುವ ಯಾವುದೇ ವಸ್ತು, ಅದು ಕಲ್ಲಾಗಲಿ ಬೆಳಕಾಗಲಿ, ತನ್ನ ಹತ್ತಿರ ಹಾದುಹೋಗುವ ದಾರಿಗಳನ್ನು ಒಟ್ಟಿಗೆ ಸೆಳೆದು ಕೂಡಿಸುತ್ತದೆ ಎಂಬುದು ಅದರ ಸಾರ. ಹುಳುಬಿಲದ ಗಂಟಲಿನಲ್ಲಿ ಆಗಬೇಕಾದದ್ದು ತದ್ವಿರುದ್ಧ: ಒಳಗೆ ಬಂದು ಕಿರಿದಾದ ದಾರಿಗಳು ಆಚೆ ಬದಿಯಲ್ಲಿ ಮತ್ತೆ ಅಗಲಬೇಕು. ಅದಕ್ಕೆ ಸಾಮಾನ್ಯ ವಸ್ತು ಸಾಲದು. ಶೂನ್ಯಕ್ಕಿಂತ ಕಡಿಮೆ ಶಕ್ತಿಯುಳ್ಳ, ಅಂದರೆ ಋಣ ಶಕ್ತಿಯ ಒಂದು ಪದಾರ್ಥ ಬೇಕು. ಹಾಗೆಂದು ಅದು ಬರೀ ಕಲ್ಪನೆಯಲ್ಲ. 1948ರಲ್ಲಿ ಹಾಲೆಂಡಿನ ಕ್ಯಾಸಿಮಿರ್ ಹೇಳಿದಂತೆ, ತೀರ ಹತ್ತಿರ ಹಿಡಿದ ಎರಡು ಲೋಹದ ತಗಡುಗಳ ನಡುವೆ ಅದು ಅತ್ಯಲ್ಪವಾಗಿ ಹುಟ್ಟುತ್ತದೆ. ಅದರ ಎಳೆತವನ್ನು ಅಳೆದೂ ಆಗಿದೆ. ಆದರೆ 10 ಮೀಟರ್ ಗಂಟಲನ್ನು ತೆರೆದಿಡಲು ಬೇಕಾದ ಬಿಗಿತ ಚದರ ಮೀಟರಿಗೆ 5ರ ಮುಂದೆ 40 ಸೊನ್ನೆ ಹಾಕಿದಷ್ಟು ನ್ಯೂಟನ್. ತಗಡುಗಳ ನಡುವೆ ಸಿಗುವುದು ಸಮುದ್ರದ ಮುಂದಿನ ಹನಿಯೂ ಅಲ್ಲ. ಅಂಥ ಪದಾರ್ಥ ಮೈಗೆ ತಾಗಿದರೆ ಏನಾದೀತು ಎಂದು ಯಾರಿಗೂ ಗೊತ್ತಿಲ್ಲದ್ದರಿಂದ, ಥಾರ್ನ್ ಮತ್ತು ಮಾರಿಸ್ ನಡುವೆ ಖಾಲಿ ಕೊಳವೆಯೊಂದನ್ನು ಇಟ್ಟು ಪ್ರಯಾಣಿಕನನ್ನು ಅದರೊಳಗಿಂದ ಕಳಿಸಿದ್ದಾರೆ.

ಇನ್ನೊಂದು ಪ್ರಶ್ನೆ ಬಿಟ್ಟೆವು. ಬಿಲ ಮನುಷ್ಯನಿಗೆ ಏನು ಮಾಡುತ್ತದೆ ಎಂದು ಕೇಳಿದೆವು. ಮನುಷ್ಯ ಬಿಲಕ್ಕೆ ಏನು ಮಾಡುತ್ತಾನೆ? ಇಂಥ ಪ್ರಶ್ನೆಯನ್ನು ಕಪ್ಪುಕುಳಿಯ ವಿಷಯದಲ್ಲಿ ಕೇಳಿದವರು ಕನ್ನಡಿಗರು. ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. 1938ರಲ್ಲಿ ಹುಟ್ಟಿದವರು, ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. ಅಮೆರಿಕದ ಮೇರಿಲ್ಯಾಂಡಿನಲ್ಲಿ ಅವರ ಗುರು ಯಾರು ಗೊತ್ತೆ? ವರ್ಮ್‌ಹೋಲ್ ಹೆಸರಿನ ಲೇಖನ ಬರೆದ ಇಬ್ಬರಲ್ಲೊಬ್ಬರಾದ ಅದೇ ಮಿಸ್ನರ್. ಕಪ್ಪುಕುಳಿಯನ್ನು ಸ್ವಲ್ಪ ಅಲುಗಾಡಿಸಿದರೆ ಅದು ಉಳಿಯುತ್ತದೋ ಒಡೆದುಹೋಗುತ್ತದೋ ಎಂಬುದು ಶಿಷ್ಯನ ಪ್ರಶ್ನೆ. ಉಳಿಯುತ್ತದೆ ಎಂದು 1970ರಲ್ಲಿ ತೋರಿಸಿದರು. ಅಲುಗಾಡಿಸಿದ ಕಪ್ಪುಕುಳಿ ದೇವಸ್ಥಾನದ ಗಂಟೆಯಂತೆ ತನ್ನದೇ ಸ್ವರದಲ್ಲಿ ಒಂದಿಷ್ಟು ಹೊತ್ತು ಮಿಡಿದು ತಣ್ಣಗಾಗುತ್ತದೆ ಎಂದೂ ಅದೇ ವರ್ಷ ಲೆಕ್ಕ ಹಾಕಿ ಹೇಳಿದರು. ಆಗ ಕಪ್ಪುಕುಳಿ ಎಂಬುದು ಇದೆಯೆಂದು ನಂಬುವವರೇ ಕಡಿಮೆ. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಡಿಕ್ಕಿಯಾದ ಗುರುತ್ವದ ಅಲೆ ಅಮೆರಿಕದ ಯಂತ್ರಗಳಿಗೆ ಸಿಕ್ಕಿತು. ಅದರ ತುದಿಯಲ್ಲಿ ಆ ಗಂಟೆಯ ಮಿಡಿತವಿತ್ತು. 45 ವರ್ಷದ ಮೇಲೆ ಬಂದ ಉತ್ತರ. 2017ರ ಜನವರಿಯಲ್ಲಿ ತೀರಿಕೊಳ್ಳುವ ಮೊದಲು ವಿಶ್ವೇಶ್ವರ ಅದನ್ನು ನೋಡಿದರು ಎಂಬುದೊಂದು ಸಮಾಧಾನ. ಬೆಂಗಳೂರಿನ ನೆಹರೂ ತಾರಾಲಯಕ್ಕೆ ಹೋದವರು ಅದರ ಸ್ಥಾಪಕ ನಿರ್ದೇಶಕರು ಇವರೇ ಎಂಬುದನ್ನು ನೆನೆಯಬೇಕು. ಮುಂದೆಂದಾದರೂ ಆಕಾಶದಲ್ಲಿ ಹುಳುಬಿಲ ಇದ್ದರೆ ಅದನ್ನು ಕಪ್ಪುಕುಳಿಯಿಂದ ಬೇರೆ ಎಂದು ಗುರುತಿಸುವ ಒಂದು ದಾರಿಯೂ ಈ ಮಿಡಿತವೇ: ಹುಳುಬಿಲವಾದರೆ ಮಿಡಿತದ ಹಿಂದೆ ಪ್ರತಿಧ್ವನಿ ಬರಬೇಕು ಎನ್ನುತ್ತಾರೆ. ಅಂಥ ಪ್ರತಿಧ್ವನಿ ಖಚಿತವಾಗಿ ಇನ್ನೂ ಕೇಳಿಸಿಲ್ಲ.

ಹುಳುಬಿಲವನ್ನು ಅಲುಗಾಡಿಸಿದರೆ? ವೀಲರ್ ಮತ್ತು ಫುಲ್ಲರ್ 1962ರಲ್ಲೇ ತೋರಿಸಿದ್ದರು, ಐನ್‌ಸ್ಟೈನ್-ರೋಸೆನ್ ಸೇತುವೆ ಬೆಳಕು ಕೂಡ ದಾಟುವ ಮೊದಲೇ ಮುಚ್ಚಿಕೊಳ್ಳುತ್ತದೆ ಎಂದು. ಋಣ ಶಕ್ತಿಯಿಂದ ತೆರೆದಿಟ್ಟ ಬಿಲದ ಸರದಿ ಬಂದದ್ದು 2002ರಲ್ಲಿ. ಜಪಾನಿನ ಶಿಂಕಾಯ್ ಮತ್ತು ಬ್ರಿಟನ್ನಿನ ಹೇವರ್ಡ್ ಅತಿ ಸರಳವಾದ ಒಂದು ಹುಳುಬಿಲವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಅದರೊಳಗೆ ಪ್ರಯಾಣಿಕನ ಬದಲು ಸಾಮಾನ್ಯ ಶಕ್ತಿಯ ಒಂದು ಸಣ್ಣ ಅಲೆಯನ್ನು ಕಳಿಸಿ ನೋಡಿದರು. ಗಂಟಲು ಕುಸಿದು ಕಪ್ಪುಕುಳಿಯಾಯಿತು! ಎಷ್ಟು ಚಿಕ್ಕ ಅಲೆ ಕಳಿಸಿದರೂ ಅದೇ ಗತಿ. ದಾಟುವವನ ಸ್ವಂತ ತೂಕವೇ ದಾರಿಗೆ ಮಾರಕ. ಹಾಗೇನಾದರೂ ಆದರೆ, ಒಳಗಿದ್ದವನಿಗೆ ನಾನು 2014ರಲ್ಲಿ ಕೊಟ್ಟ ಉತ್ತರವೇ ಸರಿಯಾಗುತ್ತದೆ. ಹಾಗೆಂದು ನನ್ನ ತಪ್ಪು ಸರಿಯಾಗುವುದಿಲ್ಲ. ಲೆಕ್ಕ ಮಾಡದೆ ಉತ್ತರ ಹೊಂದಿಬಂದರೆ ನಾನೇ ಮಕ್ಕಳಿಗೆ ಅಂಕ ಕೊಡುವುದಿಲ್ಲ.

ಆದರೆ ಅದೇ 2002ರ ಲೇಖನದಲ್ಲಿ ಇನ್ನೊಂದು ಮಾತಿದೆ. ಪ್ರಯಾಣಿಕನ ಜೊತೆಗೆ ಸರಿಯಾದ ಅಳತೆಯ ಋಣ ಶಕ್ತಿಯನ್ನೂ ಕಳಿಸಿದರೆ ಬಿಲ ಕುಸಿಯದಂತೆ ಸ್ವಲ್ಪ ಹೊತ್ತು ಹಿಡಿದಿಡಬಹುದು. ದೋಣಿಯ ಈ ಬದಿಗೆ ಒಬ್ಬ ಕೂತರೆ ಆ ಬದಿಗೂ ಒಬ್ಬ ಕೂರಬೇಕಲ್ಲ, ಹಾಗೆ. ಕಥೆ ಬರೆಯುವವನಿಗೆ ಅಷ್ಟು ಎಡೆ ಸಾಕು.

ಇಷ್ಟನ್ನೂ ಎರಡು ಪಿರಿಯಡ್‌ಗಳಲ್ಲಿ ಆ ಹುಡುಗಿಯ ತರಗತಿಗೆ ಹೇಳಿದೆ. ಮರುವಾರ ಅವಳ ತಾಯಿ ಪೇಟೆಯಲ್ಲಿ ಸಿಕ್ಕಿ, ‘ಮಾಷ್ಟ್ರೇ, ಇದೆಲ್ಲ ಪರೀಕ್ಷೆಗೆ ಬತ್ತಾ?’ ಎಂದು ಕೇಳಿದರು. ಭರತ-ಇಳಿತ ಬರುತ್ತದೆ ಅಮ್ಮ, ಹುಳುಬಿಲ ಬರುವುದಿಲ್ಲ ಎಂದೆ. ಅವರು ಸ್ವಲ್ಪ ಯೋಚಿಸಿ, ಅಲ್ಲಿಗೆ ಹೋಗಿಬರುವಷ್ಟರಲ್ಲಿ ಇಲ್ಲಿ ಮನೆಯವರಿಗೆಲ್ಲ ವಯಸ್ಸಾಗಿಬಿಡುತ್ತದಂತೆ ಹೌದೇ ಎಂದರು. ಮಗಳು ಮನೆಯಲ್ಲಿ ಅಷ್ಟು ದೂರ ಮಾತಾಡಿದ್ದಾಳೆ ಎಂದಾಯಿತು. ಇಲ್ಲ ಎಂದು ಹೇಳಿದೆ. ಬೆಳಕಿನ ವೇಗಕ್ಕೆ ಹತ್ತಿರ ಓಡಿದವರ, ಕಪ್ಪುಕುಳಿಯ ಅಂಚಿನಲ್ಲಿ ಸುತ್ತಿದವರ ಗಡಿಯಾರ ನಿಧಾನವಾಗುತ್ತದೆ. ಥಾರ್ನ್ ಮತ್ತು ಮಾರಿಸ್ ಅದಕ್ಕೂ ಕರಾರು ಹಾಕಿದ್ದಾರೆ: ದಾಟುವ ಹೊತ್ತು ಹೋದವನ ಗಡಿಯಾರದಲ್ಲೂ, ಊರಿನಲ್ಲಿ ಕಾಯುವವರ ಗಡಿಯಾರದಲ್ಲೂ ಒಂದು ವರ್ಷವನ್ನು ಮೀರಬಾರದು. ನಿಧಾನವಾಗಿ ಹೋದವನಿಗೆ ಎರಡು ಗಡಿಯಾರಗಳೂ ಹೆಚ್ಚುಕಡಿಮೆ ಒಂದೇ. ತಾಯಿಗೆ ಈ ಒಂದು ಕರಾರು ಬಹಳ ಹಿಡಿಸಿತು.

ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ ಎಂದು ಅವನ ತಂದೆ ಹೇಳಿದರು. ಊರಿನವರು ಈ ಪುರವಣಿಯನ್ನು ಅವನಿಗೆ ತಲುಪಿಸಿಯಾರು. ಎಂಟು ಪುಟ ಇನ್ನೂ ಎಲ್ಲಾದರೂ ಇದ್ದರೆ ಒಂಬತ್ತನೆಯದನ್ನು ಬರೆಯಬಹುದು, ಮಾರಾಯ. ಸುಳಿಯ ಗಂಟಲು 10 ಮೀಟರ್ ಇರಲಿ. ನಾಯಕ ಉದ್ದಕ್ಕೆ ಮಲಗಿರಲಿ, ಗಂಟೆಗೆ ನೂರು ಕಿಲೋಮೀಟರ್ ಮೀರದಿರಲಿ.